ಸಾಲಕ್ಕೆ ಸಾಲ ಗುಣಿಸಿದರೆ

ಏಳನೇ ತರಗತಿಗೆ ಪೂರ್ಣಾಂಕಗಳ ಗುಣಾಕಾರ ಹೇಳಿಕೊಡುತ್ತಿದ್ದೆ. ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದಿದ್ದೆ. ಧನ ಇಂಟು ಧನ ಧನ, ಧನ ಇಂಟು ಋಣ ಋಣ, ಋಣ ಇಂಟು ಧನ ಋಣ, ಋಣ ಇಂಟು ಋಣ ಧನ. ಮಕ್ಕಳು ಮಗ್ಗಿಯ ರಾಗದಲ್ಲಿ ಅದನ್ನು ಹೇಳುತ್ತಿದ್ದರು. ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ಋಣ ಅಂದ್ರೆ ಸಾಲ ಅಂತ ನೀವೇ ಹೇಳಿದ್ರಿ. ಸಾಲಕ್ಕೆ ಸಾಲ ಸೇರಿದ್ರೆ ಇನ್ನೂ ದೊಡ್ಡ ಸಾಲ ಆಗುತ್ತೆ. ಸಾಲಕ್ಕೆ ಸಾಲ ಗುಣಿಸಿದ್ರೆ ಮಾತ್ರ ದುಡ್ಡು ಹೆಂಗೆ ಬರುತ್ತೆ?"

ಅವಳ ಮನೆಯಲ್ಲಿ ಎರಡು ಸಂಘದ ಸಾಲವಿತ್ತು. ವಾರದ ಕಂತು ಕಟ್ಟಲು ಅವಳೇ ಹೋಗುತ್ತಿದ್ದಳು. ಸಾಲ ಹೇಗೆ ಬೆಳೆಯುತ್ತದೆ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಗಡಿಯಾರ ನೋಡಿದೆ. "ಅದು ನಿಯಮ ಕಣಮ್ಮ, ಬರ್ಕೋ" ಎಂದೆ. ಅವಳು ಕೂತು ಬರೆದುಕೊಂಡಳು. ಆ ವರ್ಷವಿಡೀ ನನ್ನ ತರಗತಿಯಲ್ಲಿ ಅವಳು ಮತ್ತೆ ಎದ್ದು ನಿಲ್ಲಲಿಲ್ಲ.

ನಾನಾಗ ತರಬೇತಿ ಪಡೆದ ಶಿಕ್ಷಕಿ. ಬಿ.ಎಡ್.ನಲ್ಲಿ ಡಿಸ್ಟಿಂಕ್ಷನ್ ಬಂದಿತ್ತು. ಸೂಕ್ಷ್ಮ ಬೋಧನೆಯಲ್ಲಿ 'ಪ್ರಶ್ನಿಸುವ ಕೌಶಲ', 'ಪುನರ್ಬಲನ ಕೌಶಲ' ಎಲ್ಲವನ್ನೂ ಆರಾರು ನಿಮಿಷದ ಪಾಠಗಳಲ್ಲಿ ಮಾಡಿ ತೋರಿಸಿ ಸಹಿ ಹಾಕಿಸಿಕೊಂಡಿದ್ದೆ. ಮಗು ಪ್ರಶ್ನೆ ಕೇಳಿದಾಗ ಮುಗುಳ್ನಕ್ಕು 'ಭೇಷ್' ಎನ್ನಬೇಕೆಂದು ಕಲಿತಿದ್ದೆ. ಆ ಪ್ರಶ್ನೆ ನನ್ನದೂ ಆಗಬಹುದು, ನನಗೂ ಉತ್ತರ ಗೊತ್ತಿಲ್ಲದಿರಬಹುದು, ಗೊತ್ತಿಲ್ಲದಿದ್ದರೆ ಎಲ್ಲಿಂದ ಹುಡುಕಲು ಶುರುಮಾಡಬೇಕು ಎಂಬುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ.

ಹನ್ನೊಂದು ವರ್ಷ ಪಾಠ ಮಾಡಿದ ಮೇಲೆ ಶಿಕ್ಷಣದ ತತ್ತ್ವಶಾಸ್ತ್ರವನ್ನೂ ತರ್ಕವನ್ನೂ ಕ್ರಮವಾಗಿ ಓದಬೇಕೆಂದು ಹೊರಟಾಗ ನನ್ನ ಸುತ್ತಲಿನವರು ಹೇಳಿದ ಮಾತುಗಳೇ ಈ ಲೇಖನಕ್ಕೆ ಕಾರಣ. ಅನುಮತಿಯ ಅರ್ಜಿ ನೋಡಿದ ಅಧಿಕಾರಿಯೊಬ್ಬರು, "ಎಂ.ಎಡ್. ಆದ್ರೆ ಬಡ್ತಿಗಾದ್ರೂ ಆಗುತ್ತೆ ಮೇಡಂ, ಈ ಫಿಲಾಸಫಿ ತಗೊಂಡು ಏನ್ ಮಾಡ್ತೀರಿ? ನಿಮ್ಮದು ಟ್ರೈನಿಂಗ್ ಆಗಿದೆಯಲ್ಲ" ಎಂದರು. ಅವರು ಕೆಟ್ಟವರಲ್ಲ. ನಮ್ಮ ಶಿಕ್ಷಕರ ಕೊಠಡಿಗಳಲ್ಲಿ, ಕ್ಲಸ್ಟರ್ ಸಭೆಗಳಲ್ಲಿ, ಶಿಕ್ಷಕರನ್ನು ತಯಾರು ಮಾಡುವ ಕಾಲೇಜುಗಳಲ್ಲಿ ಎಲ್ಲರೂ ಒಪ್ಪಿಕೊಂಡಿರುವುದನ್ನೇ ಅವರು ಬಾಯಿಬಿಟ್ಟು ಹೇಳಿದರು. ತತ್ತ್ವಶಾಸ್ತ್ರ ಪುಸ್ತಕದ ಬದನೆಕಾಯಿ. ತರಬೇತಿ ಆದವರಿಗೆ ಇನ್ನು ಬೇಕಾದದ್ದು ಚಟುವಟಿಕೆ, ಸಾಮಗ್ರಿ, ಆ್ಯಪು. ವಿಮರ್ಶಾತ್ಮಕ ಚಿಂತನೆಯೂ ಒಂದು ಕೌಶಲ. ಎರಡು ದಿನದ ಕಾರ್ಯಾಗಾರದಲ್ಲಿ ಶಿಕ್ಷಕರ ಕೈಗೆ ಕೊಟ್ಟರೆ ಅವರು ಅದನ್ನು ಮಕ್ಕಳ ಕೈಗೆ ದಾಟಿಸುತ್ತಾರೆ.

ಈ ಅಭಿಪ್ರಾಯ ಬುಡದಿಂದಲೇ ತಪ್ಪು. ಇದು ದಿನಾ ನಮ್ಮ ತರಗತಿಗಳಲ್ಲಿ ಮಕ್ಕಳನ್ನು ಕೂರಿಸುತ್ತಿದೆ, ನಾನು ಆ ಹುಡುಗಿಯನ್ನು ಕೂರಿಸಿದ ಹಾಗೆ.

ಅವಳ ಪ್ರಶ್ನೆಯನ್ನೇ ಹಿಡಿದು ನೋಡೋಣ. ಧನ, ಋಣ ಎಂಬ ಮಾತುಗಳು ನಮ್ಮ ಪಠ್ಯಪುಸ್ತಕಕ್ಕೆ ಬಂದದ್ದು ಬಹಳ ದೂರದಿಂದ. 628ರಲ್ಲಿ ಬ್ರಹ್ಮಗುಪ್ತ ತನ್ನ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಈ ಸಂಖ್ಯೆಗಳಿಗೆ ನಿಯಮ ಕೊಟ್ಟಾಗ ಬಳಸಿದ್ದು ಇದೇ ಆಸ್ತಿ ಮತ್ತು ಸಾಲದ ಮಾತುಗಳನ್ನು. ಎರಡು ಋಣಗಳ ಗುಣಲಬ್ಧ ಧನ ಎಂದು ಅವನೂ ಹೇಳಿದ. ಕೂಡುವುದಕ್ಕೆ, ಕಳೆಯುವುದಕ್ಕೆ ಸಾಲದ ಹೋಲಿಕೆ ಸೊಗಸಾಗಿ ಹೊಂದುತ್ತದೆ. ಗುಣಾಕಾರಕ್ಕೆ ಬಂದ ಕೂಡಲೇ ಅದು ಮುರಿದು ಬೀಳುತ್ತದೆ, ಏಕೆಂದರೆ ಸಾಲವನ್ನು ಸಾಲದಿಂದ ಗುಣಿಸುವುದೆಂದರೆ ಏನೆಂದು ಯಾವ ಲೇವಾದೇವಿಯವನೂ ಹೇಳಲಾರ. ಫ್ರಾನ್ಸಿನ ಕಾದಂಬರಿಕಾರ ಸ್ತೆಂಧಾಲ್ 1835ರ ಸುಮಾರಿಗೆ ಬರೆದ ಆತ್ಮಕಥೆಯಲ್ಲಿ, ತಾನು ಹುಡುಗನಾಗಿದ್ದಾಗ ಇದೇ ಪ್ರಶ್ನೆ ಕೇಳಿ ಮೇಷ್ಟ್ರುಗಳಿಂದ ಸರಿಯಾದ ಉತ್ತರ ಸಿಗದೆ ನೊಂದದ್ದನ್ನು ನೆನೆಯುತ್ತಾನೆ. ಅವನ ಉದಾಹರಣೆಯಲ್ಲೂ ಇರುವುದು ಸಾಲವೇ. ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಮಾಸೆರೆಸ್‌ನಂಥ ಗಣಿತಜ್ಞ ಋಣ ಸಂಖ್ಯೆಗಳನ್ನು ಗಣಿತದಿಂದ ಹೊರಗಿಡಬೇಕೆಂದು 1758ರಲ್ಲಿ ಒಂದು ಪುಸ್ತಕವನ್ನೇ ಬರೆದ. ನನ್ನ ಮೂರನೇ ಬೆಂಚಿನ ಹುಡುಗಿ ನಿಂತಿದ್ದದ್ದು ಇಂಥವರ ಸಾಲಿನಲ್ಲಿ. ನಾನು ಅವಳಿಗೆ 'ನಿಯಮ' ಎಂದೆ.

ಹಾಗಾದರೆ ಉತ್ತರ ಏನು? ಋಣ ಎರಡನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೇ ಬರಬೇಕು. ಸೊನ್ನೆಯನ್ನು 'ಮೂರು ಕೂಡಿಸು ಋಣ ಮೂರು' ಎಂದು ಬಿಡಿಸಬಹುದು. ಋಣ ಎರಡು ಇಂಟು ಮೂರು ಋಣ ಆರು. ಒಟ್ಟು ಸೊನ್ನೆ ಆಗಬೇಕಾದರೆ, ಉಳಿದ ಋಣ ಎರಡು ಇಂಟು ಋಣ ಮೂರು ಧನ ಆರೇ ಆಗಬೇಕು, ಬೇರೆ ದಾರಿ ಇಲ್ಲ. ಇದು ಗಣಿತದ ಉತ್ತರ, ಬಿ.ಎಸ್ಸಿ. ಓದಿದ ಯಾರಿಗೂ ಗೊತ್ತಾಗುವಂಥದ್ದು. ಆದರೆ ಇದರ ಹಿಂದೆ ಇನ್ನೊಂದು ಪ್ರಶ್ನೆ ಕಾದಿರುತ್ತದೆ. ಹಳೆಯ ಸಂಖ್ಯೆಗಳಿಗೆ ಹೊಂದುತ್ತಿದ್ದ, ಹೀಗೆ ಬಿಡಿಸಿ ಗುಣಿಸುವ ವಿತರಣಾ ನಿಯಮ ಹೊಸ ಸಂಖ್ಯೆಗಳಿಗೂ ಹೊಂದಲೇಬೇಕು ಎಂದವರು ಯಾರು? ಇದನ್ನು ನಾವು ಕಂಡುಹಿಡಿದೆವೋ, ಹೀಗಿರಲಿ ಎಂದು ತೀರ್ಮಾನಿಸಿದೆವೋ? ತೀರ್ಮಾನವಾದರೆ ಅದಕ್ಕೆ ಆಧಾರ ಏನು? ಸತ್ಯ ಎನ್ನುವುದಕ್ಕೂ ಒಪ್ಪಂದ ಎನ್ನುವುದಕ್ಕೂ ವ್ಯತ್ಯಾಸ ಎಲ್ಲಿ? ಇಷ್ಟಕ್ಕೆ ಬಂದರೆ ನಾವು ತತ್ತ್ವಶಾಸ್ತ್ರದ ಅಂಗಳದಲ್ಲಿ ನಿಂತಿರುತ್ತೇವೆ. ಅಲ್ಲಿಗೆ ನಮ್ಮನ್ನು ಕರೆದೊಯ್ದದ್ದು ಯಾವ ಗ್ರೀಕ್ ಪಂಡಿತನೂ ಅಲ್ಲ, ಕಂತು ಕಟ್ಟಿ ಬಂದ ಹನ್ನೆರಡು ವರ್ಷದ ಹುಡುಗಿ.

ಆದ್ದರಿಂದ 'ತರಗತಿಗೆ ತತ್ತ್ವಶಾಸ್ತ್ರ ಏಕೆ ಬೇಕು' ಎಂಬ ಪ್ರಶ್ನೆಯೇ ತಲೆಕೆಳಗಾದದ್ದು. ತತ್ತ್ವಶಾಸ್ತ್ರ ಆಗಲೇ ತರಗತಿಯಲ್ಲಿದೆ, ಮಕ್ಕಳೇ ಅದನ್ನು ಮನೆಯಿಂದ ತರುತ್ತಾರೆ. ಅದನ್ನು ಗುರುತಿಸುವ ಕಣ್ಣು ನಮಗಿದೆಯೇ ಎಂದು ಕೇಳಬೇಕು.

"ನಾವೂ ಬಿ.ಎಡ್.ನಲ್ಲಿ ತತ್ತ್ವಶಾಸ್ತ್ರ ಓದಿದೀವಿ, ಒಂದು ದಿನವೂ ಉಪಯೋಗಕ್ಕೆ ಬರಲಿಲ್ಲ" ಎಂದು ಹೇಳುವ ಸಹೋದ್ಯೋಗಿಗಳು ಬಹಳ. ಅವರ ಅನುಭವವನ್ನು ನಾನು ಪೂರ್ತಿ ಒಪ್ಪುತ್ತೇನೆ, ಅದು ನನ್ನದೂ ಹೌದು. ನಾವು ಓದಿದ್ದು ಹೀಗೆ: ಆದರ್ಶವಾದ, ನಿಸರ್ಗವಾದ, ವಾಸ್ತವವಾದ, ಪ್ರಯೋಜನವಾದ. ಪ್ರತಿಯೊಂದಕ್ಕೂ ಅರ್ಥ, ಗುರಿಗಳು, ಪಠ್ಯಕ್ರಮ, ಬೋಧನಾ ವಿಧಾನ, ಶಿಸ್ತು, ಶಿಕ್ಷಕನ ಪಾತ್ರ, ಮಿತಿಗಳು. ರೂಸೋ ಎಂದರೆ 'ನಿಸರ್ಗಕ್ಕೆ ಮರಳಿ', ಡ್ಯೂಯಿ ಎಂದರೆ 'ಮಾಡಿ ಕಲಿ', ಫ್ರೊಬೆಲ್ ಎಂದರೆ 'ಕಿಂಡರ್‌ಗಾರ್ಟನ್'. ಹತ್ತು ಅಂಕದ ಪ್ರಶ್ನೆಗೆ ನಾಲ್ಕು ಪುಟ. ರೂಸೋನ ಮಾತು ಸರಿಯೇ ಎಂದು ಯಾರೂ ಕೇಳಲಿಲ್ಲ. ಆದರ್ಶವಾದವೂ ನಿಸರ್ಗವಾದವೂ ಒಂದಕ್ಕೊಂದು ವಿರುದ್ಧವಾದರೆ ಎರಡನ್ನೂ ಒಂದೇ ಉತ್ತರಪತ್ರಿಕೆಯಲ್ಲಿ ಹೊಗಳುವುದು ಹೇಗೆ ಎಂದೂ ಯಾರೂ ಕೇಳಲಿಲ್ಲ. 'ಮಿತಿಗಳು' ಎಂಬ ಉಪಶೀರ್ಷಿಕೆಯನ್ನೂ ಬಾಯಿಪಾಠ ಮಾಡಿದೆವು. ತತ್ತ್ವಜ್ಞಾನಿಗಳ ಹೆಸರುಗಳ ಆ ಪಟ್ಟಿಗೂ ತತ್ತ್ವಶಾಸ್ತ್ರಕ್ಕೂ ಇರುವ ಸಂಬಂಧ ಊಟದ ಮೆನುವಿಗೂ ಊಟಕ್ಕೂ ಇರುವಷ್ಟೇ. ಹಸಿದವರು ಮೆನು ಓದಿ ಎದ್ದು ಬಂದು, ಊಟದಿಂದ ಹೊಟ್ಟೆ ತುಂಬುವುದಿಲ್ಲ ಎನ್ನುತ್ತಿದ್ದಾರೆ.

ಈ ಪಟ್ಟಿಯನ್ನು ಇಪ್ಪತ್ತೆರಡರ ವಯಸ್ಸಿನಲ್ಲಿ, ಒಂದೂ ತರಗತಿಯನ್ನು ಪೂರ್ತಿ ವರ್ಷ ನಡೆಸದವರಿಗೆ ಓದಿಸಿದ್ದು ಎರಡನೆಯ ತಪ್ಪು. ಮಗುವನ್ನು ಶಿಕ್ಷಿಸುವ ಹಕ್ಕು ನನಗೆ ಇದೆಯೇ ಎಂಬ ಪ್ರಶ್ನೆ, ಕೈ ಎತ್ತಿ ಹೊಡೆದು ರಾತ್ರಿಯೆಲ್ಲ ನಿದ್ದೆ ಬಾರದವರಿಗೆ ಅರ್ಥವಾಗುತ್ತದೆ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡುವುದು ನ್ಯಾಯವೇ ಎಂಬುದು, ಕಬ್ಬು ಕಡಿಯಲು ಹೋದ ಅಪ್ಪ ಅಮ್ಮನ ಜೊತೆ ಮೂರು ತಿಂಗಳು ಶಾಲೆ ಬಿಟ್ಟು ಬಂದ ಹುಡುಗನ ಮುಂದೆ ಆ ಪತ್ರಿಕೆ ಇಟ್ಟವರಿಗೆ ಅರ್ಥವಾಗುತ್ತದೆ. ತರಬೇತಿ, ನಂತರ ಕೆಲಸ, ಆ ಕೆಲಸದಲ್ಲಿ ಏಳುವ ಗೊಂದಲ, ಆಮೇಲೆ ತತ್ತ್ವಶಾಸ್ತ್ರ: ಈ ಓದಿಗೆ ಇದೇ ಸರಿಯಾದ ಅನುಕ್ರಮ. ಅಂದರೆ 'ತರಬೇತಿ ಆಗಿದೆಯಲ್ಲ, ಇನ್ನೇಕೆ' ಎಂಬ ಮಾತಿಗೆ ನನ್ನ ಉತ್ತರ ಸರಳ. ತರಬೇತಿ ಆಗಿರುವುದರಿಂದಲೇ ಬೇಕು. ನಾವು ಕೇಳದೇ ಇದ್ದ ಪ್ರಶ್ನೆಗಳಿಗೆ ತರಬೇತಿ ಉತ್ತರಗಳನ್ನು ಕೊಟ್ಟು ಕಳಿಸಿದೆ. ಆ ಪ್ರಶ್ನೆಗಳು ಯಾವುವು ಎಂದು ಹಿಂದಿರುಗಿ ಹುಡುಕುವ ಕೆಲಸ ಬಾಕಿ ಇದೆ.

ಇನ್ನು ವಿಮರ್ಶಾತ್ಮಕ ಚಿಂತನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ, ಅದಕ್ಕೆ ಜಾಗ ಮಾಡಲು ಪಠ್ಯದ ಹೊರೆ ಇಳಿಸಬೇಕೆಂದೂ ಅದು ಹೇಳುತ್ತದೆ. ಖಾಸಗಿ ಶಾಲೆಗಳ ಫ್ಲೆಕ್ಸುಗಳ ಮೇಲೆ ಈಜುಕೊಳ, ಅಬ್ಯಾಕಸ್, ಕರಾಟೆಗಳ ಪಕ್ಕದಲ್ಲೇ ಇದೂ ಇದೆ. ಎಲ್ಲ ಕಡೆಯೂ ಇದು ಒಂದು ಕೌಶಲ. ಸೈಕಲ್ ಕಲಿತ ಹಾಗೆ ಒಮ್ಮೆ ಕಲಿತರೆ ಯಾವ ರಸ್ತೆಯಲ್ಲೂ ಓಡಿಸಬಹುದು ಎಂಬ ನಂಬಿಕೆ.

ಈ ನಂಬಿಕೆಯ ಮೇಲೆ ದೊಡ್ಡ ವಾದವೇ ನಡೆದಿದೆ, ಅದು ನಮ್ಮ ತರಬೇತಿ ಕೈಪಿಡಿಗಳ ಪುಟಗಳಿಗೆ ಇಳಿದೇ ಇಲ್ಲ. ಅಮೆರಿಕದ ರಾಬರ್ಟ್ ಎನ್ನಿಸ್ 1962ರಲ್ಲಿ ವಿಮರ್ಶಾತ್ಮಕ ಚಿಂತನೆಯನ್ನು ಬಿಡಿಸಿ, ಪಟ್ಟಿ ಮಾಡಿ ಕಲಿಸಬಹುದಾದ ಸಾಮರ್ಥ್ಯಗಳೆಂದು ವಿವರಿಸಿದ. ಕೆನಡಾದಲ್ಲಿದ್ದ ಜಾನ್ ಮೆಕ್‌ಪೆಕ್ 1981ರಲ್ಲಿ ಅದಕ್ಕೆ ಎದುರಾಗಿ ನಿಂತ. ಚಿಂತನೆ ಎಂದರೆ ಯಾವುದೋ ಒಂದರ ಬಗ್ಗೆ ಚಿಂತನೆ. ಯಾವುದರ ಬಗ್ಗೆಯೂ ಅಲ್ಲದ, ಎಲ್ಲಕ್ಕೂ ಸಲ್ಲುವ ಚಿಂತನಾ ಕೌಶಲ ಎಂಬುದಿಲ್ಲ. ಇತಿಹಾಸದಲ್ಲಿ ಸಾಕ್ಷಿ ಎನ್ನುವುದು ಬೇರೆ, ಗಣಿತದಲ್ಲಿ ಸಾಧನೆ ಎನ್ನುವುದು ಬೇರೆ ಎಂಬುದು ಅವನ ವಾದದ ತಿರುಳು. ನಾನು ಹೆಚ್ಚಿನ ಮಟ್ಟಿಗೆ ಮೆಕ್‌ಪೆಕ್ ಕಡೆಗಿದ್ದೇನೆ. ವಿಜ್ಞಾನದಲ್ಲಿ ಬಲು ಚೂಟಿಯಾದ ಹುಡುಗ, ವಾಟ್ಸಾಪಿನಲ್ಲಿ ಬಂದ ಟಿಪ್ಪು ಸುಲ್ತಾನನ ಕಥೆಯನ್ನು, ಅದು ಪರವಾಗಿರಲಿ ವಿರೋಧವಾಗಿರಲಿ, ಒಂದು ಪ್ರಶ್ನೆಯೂ ಇಲ್ಲದೆ ನಂಬುವುದನ್ನು ನಾನು ಕಂಡಿದ್ದೇನೆ. ಅವನಿಗೆ ಕೌಶಲದ ಕೊರತೆ ಇರಲಿಲ್ಲ. ಇತಿಹಾಸದಲ್ಲಿ ಒಂದು ಮಾತನ್ನು ನಂಬಲು ಏನು ಬೇಕು ಎಂಬುದನ್ನು ಯಾರೂ ಅವನಿಗೆ ತೋರಿಸಿರಲಿಲ್ಲ, ಅಷ್ಟೆ. ಅದನ್ನು ತೋರಿಸಬೇಕಾದ ಸಮಾಜವಿಜ್ಞಾನದ ಶಿಕ್ಷಕರಿಗೂ ಯಾರೂ ತೋರಿಸಿರಲಿಲ್ಲ.

ಕೌಶಲವೆಂದು ಕರೆದ ಕೂಡಲೇ ಅದಕ್ಕೆ ಅಂಕ ಬರುತ್ತದೆ, ಅಂಕ ಬಂದ ಕೂಡಲೇ ಗೈಡು ಬರುತ್ತದೆ. ನಮ್ಮ ಪ್ರಶ್ನೆಪತ್ರಿಕೆಯ ನೀಲನಕ್ಷೆಯನ್ನು ನೋಡಿ. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಮಾಡಿದ ವರ್ಗೀಕರಣ ನಮ್ಮಲ್ಲಿ ಸವೆದು ಸವೆದು ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ ಎಂಬ ನಾಲ್ಕು ಕಂಬಗಳಾಗಿ ನಿಂತಿದೆ. 'ಅನ್ವಯ'ದ ಪ್ರಶ್ನೆಗೆ ಗೈಡಿನಲ್ಲಿ ಅಚ್ಚಾದ ಉತ್ತರ ಇದೆ. ಹತ್ತನೇ ತರಗತಿಯಲ್ಲಿ ಪಾಸಿಂಗ್ ಪ್ಯಾಕೇಜ್ ಇದೆ. 'ಯೋಚಿಸಿ ಉತ್ತರಿಸಿ' ಎಂಬ ಪ್ರಶ್ನೆಗೆ ಮಗು ಬಾಯಿಪಾಠದಿಂದ ಉತ್ತರ ಬರೆಯುತ್ತದೆ, ನಾವು 'ಕೌಶಲ'ದ ಕಂಬದಲ್ಲಿ ಎರಡು ಅಂಕ ತುಂಬುತ್ತೇವೆ. ಶಿಕ್ಷಕರ ಅರ್ಹತಾ ಪರೀಕ್ಷೆಯೂ ಇದಕ್ಕಿಂತ ಬೇರೆಯಲ್ಲ. 150 ಪ್ರಶ್ನೆ, 150 ಅಂಕ, ಎಲ್ಲವೂ ಬಹು ಆಯ್ಕೆ. ಅದರಲ್ಲಿ ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ 30. ಮಕ್ಕಳಿಗೆ ಕಾರಣ ಕೊಟ್ಟು ಮಾತಾಡಲು ಕಲಿಸಬೇಕಾದವರು ಯಾವ ಹಂತದಲ್ಲೂ ಒಂದು ಕಾರಣವನ್ನು ತಮ್ಮ ಮಾತಿನಲ್ಲಿ ಬರೆಯದೆ ಅರ್ಹರಾಗಿ ಹೊರಬರಬಹುದು.

ಎಲ್ಲಕ್ಕಿಂತ ನನ್ನನ್ನು ಕಾಡುವ ಉದಾಹರಣೆ ರಚನಾವಾದದ್ದು. ಯಶಪಾಲ್ ಅವರ ಅಧ್ಯಕ್ಷತೆಯಲ್ಲಿ ತಯಾರಾದ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಒಂದು ದೊಡ್ಡ ಮನಸ್ಸಿನ ದಾಖಲೆ. ಮಗು ಖಾಲಿ ಪಾತ್ರೆಯಲ್ಲ, ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬ ತಿಳುವಳಿಕೆ ಅದರ ಜೀವ. ಅದು ನಮ್ಮವರೆಗೆ ಇಳಿದು ಬಂದಾಗ ಪಾಠಯೋಜನೆಯ ಹೊಸ ನಮೂನೆಯಾಗಿತ್ತು. ಐದು ಕಾಲಂ, ಐದು ಹಂತ. ನಾವೆಲ್ಲ ತುಂಬಿದೆವು, ಇಂದಿಗೂ ತುಂಬುತ್ತಿದ್ದೇವೆ. ಒಂದು ಕ್ಲಸ್ಟರ್ ಸಭೆಯಲ್ಲಿ ನಾನು ಕೇಳಿದೆ: ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುವುದಾದರೆ, 'ಋಣ ಇಂಟು ಋಣ ಋಣ' ಎಂದು ಒಂದು ಮಗು ಕಟ್ಟಿಕೊಂಡರೆ ಅದೂ ಜ್ಞಾನವೇ? ಅಲ್ಲ ಎಂದಾದರೆ ಯಾವ ಅರ್ಥದಲ್ಲಿ ಅಲ್ಲ? ಸಭೆ ಸುಮ್ಮನಾಯಿತು. ಸಂಪನ್ಮೂಲ ವ್ಯಕ್ತಿ, "ಅದೆಲ್ಲ ಥಿಯರಿ ಮೇಡಂ, ನಮೂನೆಯಲ್ಲಿ ಇಲ್ಲ" ಎಂದು ಮುಂದಿನ ವಿಷಯಕ್ಕೆ ಹೋದರು.

ಆದರೆ ಅದು ಥಿಯರಿಯಲ್ಲ. ಮರುದಿನ ಬೆಳಿಗ್ಗೆ ನಾನು ಬೋರ್ಡಿನ ಮುಂದೆ ಏನು ಮಾಡಬೇಕು ಎಂಬುದೇ ಅದರ ಮೇಲೆ ನಿಂತಿದೆ. ಕಲಿಕೆ ಹೇಗೆ ನಡೆಯುತ್ತದೆ ಎಂಬುದು ಒಂದು ಮಾತು. ಕಲಿತದ್ದು ನಿಜವೋ ಅಲ್ಲವೋ ಎಂಬುದು ಬೇರೊಂದು ಮಾತು. ಮೊದಲನೆಯದು ಮನಶ್ಶಾಸ್ತ್ರಕ್ಕೆ ಸೇರಿದ್ದು, ಎರಡನೆಯದು ಜ್ಞಾನಮೀಮಾಂಸೆಗೆ. ಮಗು ತಾನೇ ಕಟ್ಟಿಕೊಂಡರೂ ಕಟ್ಟಿದ್ದು ನಿಲ್ಲಬೇಕಾದರೆ ಕಾರಣಗಳ ಭಾರ ಹೊರಬೇಕು, ಬೇರೆಯವರ ಪ್ರಶ್ನೆಗೆ ಎದೆಯೊಡ್ಡಬೇಕು. ಈ ಎರಡನ್ನೂ ಬೇರ್ಪಡಿಸಿ ನೋಡಲು ಬಾರದ ಶಿಕ್ಷಕರು ಎರಡು ಕಡೆ ಎಡವುತ್ತಾರೆ. ಕೆಲವರು ಮಗು ಏನು ಹೇಳಿದರೂ 'ಸರಿ, ಚೆನ್ನಾಗಿದೆ' ಎಂದು ಬಿಟ್ಟುಬಿಡುತ್ತಾರೆ. ಹೆಚ್ಚಿನವರು ಇನ್‌ಸ್ಪೆಕ್ಷನ್ ದಿನ ಗುಂಪು ಚಟುವಟಿಕೆ ಮಾಡಿಸಿ, ಉಳಿದ ದಿನ 'ನಿಯಮ, ಬರ್ಕೋ' ಎನ್ನುತ್ತಾರೆ. ಎರಡನೇ ಗುಂಪಿನಲ್ಲಿ ನಾನು ಹನ್ನೊಂದು ವರ್ಷ ಇದ್ದೆ.

"ಯೋಚಿಸೋದು ಮೇಲಿನವರ ಕೆಲಸ, ಮಾಡೋದು ನಮ್ಮ ಕೆಲಸ" ಎನ್ನುವವರಿಗೆ ನಮ್ಮ ರಾಜ್ಯದ್ದೇ ಒಂದು ಕಥೆ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಎಂಬ ಕಲಿಕಾ ಕ್ರಮ ಶುರುವಾಯಿತು. ಸರ್ಕಾರಿ ಶಾಲೆಯ ಶಿಕ್ಷಕರು ರಿಷಿ ವ್ಯಾಲಿ ಶಾಲೆಗೆ ಹೋಗಿ, ಅದರ ಸುತ್ತಲಿನ ಹಳ್ಳಿಯ ಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ, ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಣ್ಣಾರೆ ನೋಡಿ ಬಂದರು. ನಮ್ಮ ಮಕ್ಕಳೂ ಹೀಗೆ ಏಕೆ ಕಲಿಯಬಾರದು ಎಂದು ತಮ್ಮತಮ್ಮಲ್ಲಿ ವಾದಿಸಿ, ಕಲಿಕೆಯ ಕಾರ್ಡುಗಳನ್ನು ತಾವೇ ಬರೆದರು. ಮಗು ಹೆದರಿಕೆಯಿಂದ ಕಲಿಯುತ್ತದೆಯೇ, ಎಲ್ಲ ಮಕ್ಕಳೂ ಒಂದೇ ದಿನ ಒಂದೇ ಪುಟದಲ್ಲಿ ಇರಬೇಕೇಕೆ ಎಂಬ ಪ್ರಶ್ನೆಗಳಿಲ್ಲದೆ ಆ ಕೆಲಸ ಹುಟ್ಟುತ್ತಿರಲಿಲ್ಲ. ಅದನ್ನು ಯಾರೂ ತತ್ತ್ವಶಾಸ್ತ್ರ ಎಂದು ಕರೆಯಲಿಲ್ಲ. ನಾನು ಕರೆಯುತ್ತೇನೆ.

2009-10ರ ಹೊತ್ತಿಗೆ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಹೋಯಿತು. ಕಲಿಕಾ ಏಣಿ ಹೋಯಿತು, ಗುಂಪುಗಳ ತಟ್ಟೆಗಳು ಹೋದವು, ಮಕ್ಕಳ ಕೆಲಸ ತೂಗುಹಾಕುವ ಚಪ್ಪರ ಹೋಯಿತು. ಆ ವಾದಗಳು ಮಾತ್ರ ಜೊತೆಗೆ ಹೋಗಲಿಲ್ಲ, ಏಕೆಂದರೆ ಅವುಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಕಳಿಸಲು ಬರುವುದಿಲ್ಲ. ಒಳ್ಳೆಯ ನಲಿ-ಕಲಿ ಕೋಣೆಗಳನ್ನು ನಾನು ನೋಡಿದ್ದೇನೆ. ಅಲ್ಲೆಲ್ಲ 'ಇದು ಹೀಗೇಕೆ' ಎಂದು ತಮಗೆ ತಾವೇ ಉತ್ತರ ಕೊಟ್ಟುಕೊಂಡ ಒಬ್ಬ ಶಿಕ್ಷಕಿ ಇರುತ್ತಾರೆ. ಕಾರ್ಡು ಹಿಡಿದ ಮಕ್ಕಳ ಪಕ್ಕದಲ್ಲಿ ಮೇಷ್ಟ್ರು ಬೋರ್ಡಿನಿಂದ ನಕಲು ಮಾಡಿಸುವ ಕೋಣೆಗಳನ್ನೂ ನೋಡಿದ್ದೇನೆ. ಏಣಿ ಎರಡೂ ಕಡೆ ಒಂದೇ.

ಮತ್ತೊಂದು ಭಯದ ಬಗ್ಗೆ ಹೇಳಬೇಕು, ಇದು ಪೋಷಕರ ಸಭೆಗಳಲ್ಲೂ ಕೇಳಿಬರುತ್ತದೆ. ಮಕ್ಕಳಿಗೆ ಪ್ರಶ್ನೆ ಮಾಡಲು ಕಲಿಸಿದರೆ ದೊಡ್ಡವರಿಗೆ ಎದುರಾಡುತ್ತಾರೆ, ಇದು ಹೊರಗಿನಿಂದ ಬಂದ ಚಾಳಿ, ನಮ್ಮದು ಗುರುಭಕ್ತಿಯ ಪರಂಪರೆ. ಗೌತಮನ ನ್ಯಾಯಸೂತ್ರ ತೆರೆದವರು ಈ ಮಾತು ಹೇಳಲಾರರು. ಅದರ ಮೊದಲ ಸೂತ್ರದಲ್ಲಿ ಎಣಿಸಿರುವ ಹದಿನಾರು ಪದಾರ್ಥಗಳಲ್ಲಿ ಮೂರನೆಯದು ಸಂಶಯ. ಸಂಶಯವಿಲ್ಲದೆ ವಿಚಾರ ಹೊರಡುವುದೇ ಇಲ್ಲ. ಮುಂದೆ ಮಾತಿನ ಮೂರು ಬಗೆಗಳನ್ನು ಅದು ಬೇರ್ಪಡಿಸುತ್ತದೆ. ನಿಜ ತಿಳಿಯಬೇಕೆಂದು ಇಬ್ಬರೂ ಕೂಡಿ ನಡೆಸುವುದು ವಾದ. ಹೇಗಾದರೂ ಗೆಲ್ಲಬೇಕೆಂದು ಮಾಡುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಎದುರಿನವರದನ್ನು ಕೆಡವುವುದು ವಿತಂಡ. ಟಿ.ವಿ. ಚರ್ಚೆಗಳಲ್ಲಿ ಮಕ್ಕಳು ದಿನಾ ನೋಡುವುದು ಕಡೆಯ ಎರಡನ್ನು. ಮೊದಲನೆಯದನ್ನು ಅವರು ಎಲ್ಲಿ ನೋಡಬೇಕು? ಗುಡ್ಡದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುವ ಐದು ಅವಯವಗಳನ್ನು ಆರನೇ ತರಗತಿಗೆ ನಾನು ಹೇಳಿದ್ದೇನೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇದೆಯೇ, ಚಳಿಗಾಲದ ಮಂಜು ಹೊಗೆಯಂತೆ ಕಂಡರೆ ಏನು ಮಾಡುವುದು ಎಂದು ಮಕ್ಕಳೇ ಹೇತ್ವಾಭಾಸದ, ಅಂದರೆ ಹುಸಿ ಕಾರಣದ, ಬಾಗಿಲಿಗೆ ಬಂದು ನಿಂತರು. ಅವರಲ್ಲಿ ಯಾರಾದರೂ ಮನೆಗೆ ಹೋಗಿ ಅಪ್ಪನಿಗೆ ಎದುರಾಡಿದರೆಂಬ ದೂರು ಬರಲಿಲ್ಲ. ಬಂದಿದ್ದರೂ, ಎದುರಾಡಿದ್ದು ವಾದವೋ ವಿತಂಡವೋ ಎಂದು ಮೊದಲು ಕೇಳುತ್ತಿದ್ದೆ.

ಈ ನಾಡಿನಲ್ಲೇ ಮೇಷ್ಟ್ರುಗಳು ಇದನ್ನು ಮಾಡಿ ತೋರಿಸಿದ್ದಾರೆ. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿ ರಚಿಸಿದರು. ಪವಾಡ ಸುಳ್ಳು ಎಂದು ಘೋಷಿಸಿ ಕೈತೊಳೆದುಕೊಳ್ಳಲು ಅವರು ಹೊರಡಲಿಲ್ಲ. ಪರೀಕ್ಷೆಗೆ ಒಡ್ಡಿ ಎಂದರು. ಅದೇ ವರ್ಷ ನಮ್ಮ ಸಂವಿಧಾನಕ್ಕೆ 42ನೇ ತಿದ್ದುಪಡಿಯಾಗಿ, ವೈಜ್ಞಾನಿಕ ಮನೋಭಾವವನ್ನೂ ಪ್ರಶ್ನಿಸಿ ತಿಳಿಯುವ ಗುಣವನ್ನೂ ಬೆಳೆಸಿಕೊಳ್ಳುವುದು ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಸೇರಿತು. ಹೀಗೆ ಪ್ರಶ್ನಿಸಿ ನೋಡಿದವರಲ್ಲಿ ಅಂಬೇಡ್ಕರ್ ಅವರೂ ಒಬ್ಬರು. ಅವರು 1913ರಿಂದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಜಾನ್ ಡ್ಯೂಯಿ ಅಲ್ಲಿ ಪಾಠ ಹೇಳುತ್ತಿದ್ದ. 1936ರ ಜಾತಿ ವಿನಾಶದ ಪುಸ್ತಕದಲ್ಲಿ ಅಂಬೇಡ್ಕರ್ ಅವನನ್ನು ತಮ್ಮ ಗುರು ಎಂದು ನೆನೆಯುತ್ತಾರೆ. ಹಿಂದಿನದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಡ್ಯೂಯಿಯ ವಿಚಾರ ಅಲ್ಲಿ ನಮ್ಮ ಸಮಾಜದ ಅತಿ ನೋವಿನ ಜಾಗಕ್ಕೆ ಬಂದು ಮುಟ್ಟಿದೆ. ಬಿ.ಎಡ್. ನೋಟ್ಸಿನಲ್ಲಿ ಆ ಡ್ಯೂಯಿ 'ಮಾಡಿ ಕಲಿ' ಎಂಬ ಎರಡು ಪದವಾಗಿದ್ದಾನೆ. ಅವನನ್ನು ಓದಿ ಜಾತಿಯ ಬಗ್ಗೆ ಹಾಗೆ ಯೋಚಿಸಬಹುದು ಎಂಬುದು ನಮ್ಮ ಶಿಕ್ಷಕರಿಗೆ ಗೊತ್ತಾಗದಂತೆ ಆ ಎರಡು ಪದ ಅಡ್ಡ ನಿಂತಿದೆ. ಇದು ನನಗೆ ಸಣ್ಣ ನಷ್ಟವಾಗಿ ಕಾಣುವುದಿಲ್ಲ.

ಕಡೆಗೆ ಉಳಿಯುವುದು ಹೊಟ್ಟೆ ಮತ್ತು ಜುಟ್ಟಿನ ವಾದ. ಬಿಸಿಯೂಟದ ಲೆಕ್ಕ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಸ್ಯಾಟ್ಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಮಕ್ಕಳ ದಾಖಲೆ ಏರಿಸುವುದು, ಗಣತಿ, ಚುನಾವಣೆ. ಐದು ತರಗತಿಗೆ ಇಬ್ಬರು ಶಿಕ್ಷಕರು. ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆಯೇ ಎಂದು ಕೇಳುವ ಸಹೋದ್ಯೋಗಿಯ ದಣಿವು ನನ್ನ ದಣಿವೂ ಹೌದು, ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ಅವರು ಹಿಟ್ಟನ್ನು ಮಲ್ಲಿಗೆ ಎಂದು ತಪ್ಪು ತಿಳಿದಿದ್ದಾರೆ. ಈ ಕೆಲಸಗಳಲ್ಲಿ ಯಾವುದು ಬೋಧನೆ, ಯಾವುದು ಬೋಧನೆಯಲ್ಲ, ಯಾವುದಕ್ಕೆ 'ಆಗುವುದಿಲ್ಲ' ಎಂದು ಕಾರಣ ಕೊಟ್ಟು ಬರೆಯಬಹುದು ಎಂದು ತೀರ್ಮಾನಿಸುವ ಶಕ್ತಿಯೇ ನಮ್ಮಿಂದ ಕೈತಪ್ಪಿ ಹೋಗಿದೆ. ಶಿಕ್ಷಣ ಯಾವುದಕ್ಕಾಗಿ ಎಂದು ತಾನೇ ಹೇಳಲಾರದ ವೃತ್ತಿಗೆ, ಅದನ್ನು ಬೇರೆಯವರು ದಿನಕ್ಕೊಂದು ಸುತ್ತೋಲೆಯಲ್ಲಿ ಹೇಳುತ್ತಾರೆ. ವೈದ್ಯರಿಗೆ ರೋಗಿಯ ಹಿತ ಏನೆಂದು ಯಾರೋ ಗುಮಾಸ್ತರು ಸುತ್ತೋಲೆ ಕಳಿಸಿದರೆ ವೈದ್ಯರು ಒಪ್ಪುವುದಿಲ್ಲ. ನಾವು ಒಪ್ಪುತ್ತೇವೆ, ಏಕೆಂದರೆ ಎದುರು ಹೇಳಲು ಬೇಕಾದ ಮಾತು ನಮ್ಮ ಹತ್ತಿರ ಇಲ್ಲ.

ಸಮಯ ಇಲ್ಲ ಎಂಬುದೂ ಪೂರ್ತಿ ನಿಜವಲ್ಲ. ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಬೆಳವಣಿಗೆಗೆ ಅವಕಾಶ ಇರಬೇಕೆಂದು 2020ರ ನೀತಿಯೇ ಹೇಳಿದೆ. ಈಗಲೂ ತರಬೇತಿಗಳಿಗೆ ದಿನಗಳು ಹೋಗುತ್ತಲೇ ಇವೆ. ಪಿಪಿಟಿ ನೋಡಿ, ಊಟ ಮಾಡಿ, ಸಹಿ ಹಾಕಿ ಬರುತ್ತೇವೆ. ಅದರಲ್ಲಿ ಹತ್ತು ಗಂಟೆ ಕೊಡಿ ಸಾಕು. ಇಪ್ಪತ್ತು ಜನ ಶಿಕ್ಷಕರು ತಮ್ಮ ತರಗತಿಯಲ್ಲಿ ತಮ್ಮನ್ನು ಸೋಲಿಸಿದ ಒಂದೊಂದು ಪ್ರಶ್ನೆ ತರಲಿ. ಶಿಕ್ಷಕ ಗಿಜುಭಾಯಿಯ 'ದಿವಾಸ್ವಪ್ನ'ದಿಂದ ಒಂದು ಅಧ್ಯಾಯ, ಪ್ಲೇಟೋನ 'ಮೆನೋ'ದಲ್ಲಿ ಸಾಕ್ರಟೀಸ್ ಗುಲಾಮ ಹುಡುಗನಿಗೆ ಚೌಕವನ್ನು ಇಮ್ಮಡಿ ಮಾಡಲು ಕಲಿಸುವ ಭಾಗ, ಇಂಥದ್ದನ್ನು ಓದಿ ವಾದ ಮಾಡಲಿ. ಸಾಕ್ರಟೀಸ್ ನಿಜಕ್ಕೂ ಪ್ರಶ್ನೆ ಕೇಳಿದನೋ, ಉತ್ತರವನ್ನೇ ಪ್ರಶ್ನೆಯ ರೂಪದಲ್ಲಿ ಹುಡುಗನ ಬಾಯಿಗೆ ಇಟ್ಟನೋ ಎಂಬುದೊಂದೇ ಪ್ರಶ್ನೆ ನಮ್ಮ 'ಪ್ರಶ್ನಿಸುವ ಕೌಶಲ'ವನ್ನು ಇಡೀ ಮಧ್ಯಾಹ್ನ ಅಲುಗಿಸಬಲ್ಲದು. ಇದಕ್ಕೆ ಪ್ರೊಜೆಕ್ಟರು ಬೇಡ, ಹೊರಗಿನ ತಜ್ಞರೂ ಬೇಡ. ಮಕ್ಕಳ ಜೊತೆಗೂ ಇದು ಸಾಧ್ಯ. ಕೊಲಂಬಿಯಾದಲ್ಲಿ ತರ್ಕ ಕಲಿಸುತ್ತಿದ್ದ ಮ್ಯಾಥ್ಯೂ ಲಿಪ್‌ಮನ್, ಕಾಲೇಜಿಗೆ ಬರುವ ಹೊತ್ತಿಗೆ ತಡವಾಗಿರುತ್ತದೆ ಎಂದು ಅರಿತು, ಹನ್ನೊಂದು ಹನ್ನೆರಡು ವರ್ಷದ ಮಕ್ಕಳಿಗಾಗಿ ತರ್ಕದ ಕಥೆಪುಸ್ತಕ ಬರೆದು, 1974ರಲ್ಲಿ ಅದಕ್ಕೊಂದು ಸಂಸ್ಥೆಯನ್ನೇ ಕಟ್ಟಿದ. ನಮ್ಮ ಏಳನೇ ತರಗತಿಯ ಮಕ್ಕಳು ಅದೇ ವಯಸ್ಸಿನವರು. ಪುಸ್ತಕ ಕೊಟ್ಟರೂ ಸಾಲದು, ಎದುರಿಗೆ ಯೋಚಿಸುವ ಶಿಕ್ಷಕರು ಇರಬೇಕು ಎಂದು ಅವನೂ ಕಂಡುಕೊಂಡಿದ್ದ.

ಕಳೆದ ವರ್ಷ ಅದೇ ಪಾಠಕ್ಕೆ ಮತ್ತೆ ಬಂದೆ. ಈ ಸಲ ನಾಲ್ಕು ನಿಯಮಗಳನ್ನು ಬರೆಯಲಿಲ್ಲ. ಮೂರು ಇಂಟು ಋಣ ಎರಡು ಋಣ ಆರು, ಎರಡು ಇಂಟು ಋಣ ಎರಡು ಋಣ ನಾಲ್ಕು, ಒಂದು ಇಂಟು ಋಣ ಎರಡು ಋಣ ಎರಡು, ಸೊನ್ನೆ ಇಂಟು ಋಣ ಎರಡು ಸೊನ್ನೆ ಎಂದು ಒಂದರ ಕೆಳಗೊಂದು ಬರೆದು, ಮುಂದಿನ ಸಾಲು ಏನಿರಬಹುದು ಎಂದು ಕೇಳಿದೆ. ಎರಡೆರಡು ಏರುತ್ತಿದೆ, ಆದ್ದರಿಂದ ಋಣ ಒಂದು ಇಂಟು ಋಣ ಎರಡು ಧನ ಎರಡು ಎಂದು ನಾಲ್ಕೈದು ಮಂದಿ ಕೂಗಿದರು. ನಾನು ಸಾಲವನ್ನೂ ತಂದೆ. ಎರಡು ರೂಪಾಯಿಯ ಮೂರು ಸಾಲ ಮನ್ನಾ ಆದರೆ ನಿನ್ನ ಕೈಗೆ ಎಷ್ಟು ಉಳಿತಾಯ ಎಂದೆ. ಆರು ಎಂದರು. ಆಗ ಕಿಟಕಿ ಪಕ್ಕದ ಹುಡುಗ ಎದ್ದ. "ಮೇಡಂ, ಮನ್ನಾ ಮಾಡೋದು ಒಂದು ಋಣ, ಸಾಲ ಇನ್ನೊಂದು ಋಣ. ಎರಡೂ ಒಂದೇ ಅಲ್ವಲ್ಲ. ಆಮೇಲೆ, ಎರಡೆರಡು ಏರೋದು ಹಂಗೇ ಏರ್ತಾನೇ ಇರಬೇಕು ಅಂತ ಯಾರು ಹೇಳಿದ್ದು?"

ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಬ್ರಹ್ಮಗುಪ್ತನೂ ಅದನ್ನು ಹೇಳಿಲ್ಲ, ನಾನೂ ಹೇಳಲಾರೆ, ನಾಳೆ ನಾವೇ ಸೇರಿ ನೋಡೋಣ ಎಂದೆ. ಪಾಠಯೋಜನೆಯ ಕಡೆಯ ಕಾಲಂನಲ್ಲಿ, ಕಲಿಕಾ ಫಲ ಸಾಧಿಸಲಾಗಿದೆಯೇ ಎಂದು ಇರುವಲ್ಲಿ, ಹುಡುಗನ ಪ್ರಶ್ನೆಯನ್ನು ಅವನ ಮಾತಿನಲ್ಲೇ ಬರೆದೆ. ತಪಾಸಣೆಗೆ ಬಂದವರು ಅದರ ಪಕ್ಕದಲ್ಲಿ 'ಹೌದು / ಇಲ್ಲ ಎಂದು ನಮೂದಿಸಿ' ಎಂದು ಕೆಂಪು ಶಾಯಿಯಲ್ಲಿ ಬರೆದು ಹೋಗಿದ್ದಾರೆ. ಈ ತಿಂಗಳ ಕ್ಲಸ್ಟರ್ ಸಭೆಗೆ ಆ ಪುಟವನ್ನು ತೆಗೆದುಕೊಂಡು ಹೋಗುತ್ತಿದ್ದೇನೆ.